ದೇವರ ಕುರಿ ಹತ್ತು

ಕಾರ್ತಿಕದ ಎರಡನೇ ಸೋಮವಾರ, ಮಧ್ಯಾಹ್ನದ ಪಾಠ ಮುಗಿದ ಮೇಲೆ, ಶಿಷ್ಯ ಈರಣ್ಣ ಗುರುಗಳನ್ನು ಕೇಳಿದ: “ನಾಳೆ ನಮ್ಮೂರಲ್ಲಿ ಮಕ್ಕಳಿಗೆ ಲಸಿಕೆ. ಅದು ಶೇಕಡಾ ತೊಂಬತ್ತು ಪರಿಣಾಮಕಾರಿಯಂತೆ. ಅಂದರೆ ನೂರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ರೋಗ ಬಂದೇ ಬರುತ್ತದೆ. ತಂಗಿ ತನ್ನ ಮಗುವಿಗೆ ಹಾಕಿಸಲೋ ಬೇಡವೋ ಎಂದು ಕೇಳಿ ಕಳಿಸಿದ್ದಾಳೆ. ಏನು ಹೇಳಲಿ?”

ಗುರುಗಳು ಕತೆ ಹೇಳಿದರು.

ಒಬ್ಬ ಕುರಿಗಾಹಿಯ ಬಳಿ ಇನ್ನೂರ ಹತ್ತು ಕುರಿಗಳಿದ್ದವು. ಪಶುವೈದ್ಯ ಬಂದು ಬೇನೆಗೆ ಲಸಿಕೆ ಹಾಕಿದ. ಚುಚ್ಚಿದ ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿದ. ಹತ್ತು ಕುರಿಗಳನ್ನು ಮಾತ್ರ ಕುರಿಗಾಹಿ ಮುಟ್ಟಗೊಡಲಿಲ್ಲ. ಅವು ದೇವರಿಗೆ ಬಿಟ್ಟ ಕುರಿಗಳು. ಅವಕ್ಕೆ ಕತ್ತರಿಯಾಗಲಿ ಸೂಜಿಯಾಗಲಿ ತಾಗುವಂತಿಲ್ಲ.

ಬೇನೆ ಬಂತು, ಹೋಯಿತು. ಕೆಂಪು ಬೆನ್ನಿನವು ಹತ್ತು ಸತ್ತವು. ದೇವರವು ಐದು ಸತ್ತವು.

“ನೋಡಿದೆಯಾ,” ಎಂದ ಕುರಿಗಾಹಿ ಹೆಂಡತಿಗೆ. “ದೇವರು ತನ್ನವನ್ನು ಕಾಯ್ದುಕೊಂಡ. ಸೂಜಿಯವೇ ಎರಡರಷ್ಟು ಹೋದವು. ಆ ಡಾಕ್ಟರು ಮತ್ತೆ ಬಂದರೆ ಹಟ್ಟಿಯೊಳಗೆ ಬಿಡಬೇಡ. ಈ ಸಲದ ಮರಿಗಳಿಗೆ ಸೂಜಿ ಇಲ್ಲ.”

ಹೆಂಡತಿ ಉಣ್ಣೆ ನೂಲುತ್ತಿದ್ದಳು. “ಅಲ್ಲ, ದೇವರಿಗೆ ನೀವು ಬಿಟ್ಟದ್ದು ಎಷ್ಟು?”

“ಹತ್ತು.”

“ಹತ್ತರಲ್ಲಿ ಐದು ಹೋದವು. ಆ ಕಡೆ ಇನ್ನೂರರಲ್ಲಿ ಹತ್ತು. ಕೊಡುವಾಗ ಕೈ ಬಿಗಿಹಿಡಿದು ಹತ್ತೇ ಕೊಟ್ಟಿರಿ. ಈಗ ಸತ್ತವನ್ನು ಎಣಿಸುವಾಗ ದೇವರನ್ನು ಇನ್ನೂರರ ಪಕ್ಕಕ್ಕೆ ಎಳೆದು ನಿಲ್ಲಿಸುತ್ತೀರಲ್ಲ.”

“ಅದಕ್ಕೇನೀಗ?”

“ಸೂಜಿ ಇಲ್ಲದ ಕಡೆ ಅರ್ಧಕ್ಕರ್ಧ ಹೋಗಿವೆ. ಆ ಇನ್ನೂರಕ್ಕೂ ಸೂಜಿ ಇಲ್ಲದಿದ್ದರೆ ಎಷ್ಟು ಹೋಗುತ್ತಿದ್ದವು, ನೀವೇ ಹೇಳಿ.”

ಕುರಿಗಾಹಿ ಹಟ್ಟಿಯತ್ತ ನೋಡಿದ. ಕೆಂಪು ಬೆನ್ನುಗಳು ಒತ್ತೊತ್ತಾಗಿ ನಿಂತಿದ್ದವು. ಪಶುವೈದ್ಯ ಮತ್ತೆ ಬಂದ ದಿನ ಮರಿಗಳೆಲ್ಲ ಸಾಲಿನಲ್ಲಿದ್ದವು. ಸಾಲಿನ ಮುಂದೆ ದೇವರ ಕುರಿ ಐದೂ ಇದ್ದವು.

ಕತೆ ಮುಗಿಯಿತು. ಈರಣ್ಣನಿಗೆ ಸಮಾಧಾನವಾಗಲಿಲ್ಲ. “ಚುಚ್ಚಿದವುಗಳಲ್ಲೂ ಹತ್ತು ಸತ್ತವಲ್ಲ, ಗುರುಗಳೇ?”

“ಸತ್ತವು. ನೂರಕ್ಕೆ ಹತ್ತೋ?”

ಈರಣ್ಣ ಬೆರಳು ಮಡಿಚಿದ. ಇನ್ನೂರಕ್ಕೆ ಹತ್ತು, ನೂರಕ್ಕೆ ಐದು. ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯದೆ ತಲೆ ಎತ್ತಿದ.

ಗುರುಗಳು ಹೇಳಿದರು: “ಆ ಇನ್ನೂರರಲ್ಲಿ ಸೂಜಿ ಇಲ್ಲದಿದ್ದರೆ ಸಾಯಬೇಕಿದ್ದವು ನೂರು, ಅವುಗಳಲ್ಲಿ ಉಳಿದವು ತೊಂಬತ್ತು. ನಿನ್ನ ಶೇಕಡಾ ತೊಂಬತ್ತು ಅದು.”