ಕವಣೆಕೆರೆಗೆ ಬಂದ ಹೆಬ್ಬಾತುಗಳು

ಯರೇಗೊಂಡಿಯ ಕವಣೆಕೆರೆಯನ್ನು ನೋಡದವರು ತಾವು ಕೆರೆ ನೋಡಿದ್ದೇವೆಂದು ಹೇಳಿಕೊಳ್ಳಬಾರದು. ಸುತ್ತಲಿನ ಊರುಗಳಲ್ಲೂ ಕೆರೆಗಳಿವೆ, ಇಲ್ಲವೆನ್ನುವುದಿಲ್ಲ. ಎಮ್ಮೆ ಮೈ ತೊಳೆಯಲು ಅವು ಸಾಕು. ಆದರೆ ಚಳಿ ಹಿಡಿದೊಡನೆ ಹಿಮಾಲಯದ ಆಚೆಯಿಂದ, ತಲೆಯ ಮೇಲೆ ಎರಡು ಕರಿಪಟ್ಟೆ ಹೊತ್ತ ಹೆಬ್ಬಾತುಗಳು ಬಂದಿಳಿಯುವುದು ಇಲ್ಲಿಗೆ. ಬೆಳಗಿನ ಹೊತ್ತು ಏರಿಯ ಮೇಲೆ ನಿಂತರೆ ನೀರೇ ಕಾಣದು, ಬರೀ ಬೂದುಬಣ್ಣದ ಬೆನ್ನುಗಳು. ಹೆಸರು ಕೇಳಿದ ಹೊರಗಿನವರು ಇಲ್ಲೇನೋ ಕಾಳಗ ನಡೆದಿರಬೇಕು, ಕವಣೆ ಬೀಸಿದ ಪಾಳೇಗಾರನೊಬ್ಬ ಇದ್ದಿರಬೇಕು ಎಂದು ಊಹಿಸುತ್ತಾರೆ. ಪಾಳೇಗಾರರು ಎಲ್ಲ ಊರಿಗೂ ಸಿಗುತ್ತಾರೆ. ನಮಗೆ ಸಿಕ್ಕಿದ್ದು ಮೈಲಾರಿ.

ಹಿಂದೆ ಒಮ್ಮೆ ಈ ಎರೆಹೊಲಗಳಿಗೆಲ್ಲ ಮೈಲಾರಿಯೊಬ್ಬನೇ ಕಾವಲುಗಾರ. ಅಟ್ಟಣೆಯ ಮೇಲೆ ನಿಂತು ಪುಂಡಿನಾರಿನ ಕವಣೆ ಬೀಸಿದರೆ ಕಲ್ಲಿನ ಸಿಳ್ಳು ಪಕ್ಕದೂರಿಗೂ ಕೇಳುತ್ತಿತ್ತು ಎನ್ನುತ್ತಾರೆ. ಹಕ್ಕಿಗಳನ್ನು ಬೆದರಿಸಿ ಎಬ್ಬಿಸುವುದಷ್ಟೇ ಅವನ ಕೆಲಸ. ಅದಕ್ಕಾಗಿ ಸುಗ್ಗಿಯಲ್ಲಿ ಊರು ಕೊಡುವ ಕಾಳೇ ಅವನ ಮನೆಯ ರೊಟ್ಟಿ. ಒಂದು ವರ್ಷ ಹೆಬ್ಬಾತುಗಳು ಇಳಿಯುವ ಹೊತ್ತಿಗೆ ಏರಿಯ ಮೇಲಿದ್ದ ಊರಗೌಡ ಸಂಗನಗೌಡ ಕೆಣಕಿದ: "ಏನೋ ಮೈಲಾರಿ, ನಿನ್ನ ಕಲ್ಲು ಬರೇ ಗಾಳಿಗೆ ಹೊಡಿತೈತೋ, ಏನರ ಕೆಡವತೈತೋ?"

"ಬಲರೆಕ್ಕಿ ಬೇಕೋ ಎಡರೆಕ್ಕಿ ಬೇಕೋ, ಅಷ್ಟ ಹೇಳ್ರಿ ಗೌಡ್ರ," ಎಂದ ಮೈಲಾರಿ. ಗೌಡ ಎಡ ಎಂದ. ಹೇಳಿದಂತೆಯೇ ಹೊಡೆದ. ಗುಂಪಿನ ಮುಂದಿದ್ದ ಹಕ್ಕಿ ಎಡರೆಕ್ಕೆ ಮುರಿದು, ಕೆರೆಯಂಚಿನ ಅವನದೇ ಕಡಲೆ ಹೊಲದಲ್ಲಿ ಬಿತ್ತು.

ಹಿಂಡು ಚದುರೀತೆಂದು ಎಲ್ಲರೂ ಕಾದರು. ಚದುರಲಿಲ್ಲ. ಆಕಾಶವೇ ಒಂದು ಸುತ್ತು ತಿರುಗಿದಂತೆ ತಿರುಗಿ, ಇಡೀ ಹಿಂಡು ಬಿದ್ದ ಹಕ್ಕಿಯ ಸುತ್ತ ಇಳಿಯಿತು. ಮೈಲಾರಿ ಇನ್ನೊಂದು ಕಲ್ಲು ಹೂಡಿ ಹತ್ತಿರ ಹೋದ. ಒಂದೂ ಏಳಲಿಲ್ಲ. ಜೊತೆಯ ಹಕ್ಕಿಯೊಂದು ಬಿದ್ದುದರ ಬೆನ್ನ ಮೇಲೆ ಕುತ್ತಿಗೆ ಚಾಚಿಕೊಂಡು ಅವನನ್ನೇ ನೋಡಿತು. ಹಿಮದ ಬೆಟ್ಟಗಳನ್ನು ಇವು ಹೀಗೆಯೇ, ಒಂದನ್ನೊಂದು ಬಿಡದೆ ದಾಟಿ ಬಂದಿರಬೇಕು ಎಂದು ಅವನಿಗೆ ಆಗಲೇ ಹೊಳೆದದ್ದು. ಊರೊಂದು ಗುಳೆ ಎದ್ದು ಬಂದು ತನ್ನ ಹೊಲದಲ್ಲಿ ಕುಳಿತಂತೆ ಕಂಡಿತು. ಎತ್ತಿದ ತೋಳು ತಾನಾಗಿ ಇಳಿಯಿತು.

ಅಂದಿನಿಂದ ಮೈಲಾರಿ ಕವಣೆ ಮುಟ್ಟಲಿಲ್ಲ. ಮುರಿದ ರೆಕ್ಕೆಗೆ ಬಿದಿರಿನ ಸೀಳು ಕಟ್ಟಿದ. ನರಿ ಬಾರದಂತೆ ಹೊಲದಲ್ಲೇ ಮಲಗಿದ. ಹಿಂಡು ಅಲ್ಲೇ ಉಳಿದು ಎಳೆಕಡಲೆಯ ಕುಡಿಗಳನ್ನು ಮೇಯತೊಡಗಿತು. "ಇವತ್ತು ನಿನ್ನ ಹೊಲ, ನಾಳೆ ನಮ್ಮವು. ಎಬ್ಬಸು, ಇಲ್ಲಾಂದ್ರ ಸುಗ್ಗಿ ಕಾಳು ಮರತಬಿಡು," ಎಂದ ಗೌಡ. "ಕಾವಲು ಬಿಟ್ಟಿಲ್ರಿ. ಈಗ ಇವನ್ನ ಕಾಯಾಕತ್ತೀನಿ," ಎಂದ ಮೈಲಾರಿ. ಹಸಿಬಾಣಂತಿ ಹೆಂಡತಿ ನಾಗವ್ವ ಮನೆಯಲ್ಲಿ ಚುಚ್ಚಿದಳು: "ಬೆಳಿ ಹೋತು, ಕಾಳೂ ಹೋತು. ಇನ್ನ ಕೂಸಿಗೆ ಹೆಸರಿಡಾಕ ನಿಮ್ಮ ಬಾತುಗಳನ್ನ ಕರೀರಿ."

ಪ್ರತಿ ವರ್ಷ ಕಡಲೆಯ ಕುಡಿ ಚಿವುಟುತ್ತಿದ್ದವಳು ಅವಳೇ. ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆಂದು ಯರೇಗೊಂಡಿಯ ಹೆಂಗಸರಿಗೆಲ್ಲ ಗೊತ್ತು. ಬಾಣಂತಿಯಾದ್ದರಿಂದ ಆ ವರ್ಷ ಅವಳು ಹೊಲಕ್ಕಿಳಿದಿರಲಿಲ್ಲ. ಅವಳ ಬೆರಳಿನ ಕೆಲಸವನ್ನು ಕೊಕ್ಕು ಮಾಡೀತೆಂದು ಊರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೇಯ್ದ ಗಿಡಗಳು ಬುಡದಿಂದಲೇ ಕವಲೊಡೆದು ನೆಲ ಮುಚ್ಚಿದವು. ಕೊಯ್ಲಿಗೆ ಬಂದಾಗ ಅಂಥ ಕಾಯಿ ಗೌಡನ ಹೊಲದಲ್ಲೂ ಇರಲಿಲ್ಲವಂತೆ. ಗೌಡ ಬಂದು ಒಂದು ಗಿಡ ಕಿತ್ತು, ತಿರುಗಿಸಿ ನೋಡಿ, "ಮುಂದಿನ ವರ್ಷ ನನ್ನ ಹೊಲಕ್ಕೂ ಕಳಸೋ," ಎಂದನೆನ್ನುತ್ತಾರೆ.

ಶಿವರಾತ್ರಿಗೆ ಚಳಿ ಹರಿದಾಗ ಹಿಂಡು ಎದ್ದಿತು. ಗಾಯದ ಹಕ್ಕಿ ಓಡಿತು, ಮುಗ್ಗರಿಸಿತು, ಮತ್ತೆ ಓಡಿತು. ಮೇಲೆ ಇಡೀ ಹಿಂಡು ಸುತ್ತುತ್ತ ಕಾಯಿತು. ಊರೆಲ್ಲ ನೋಡುತ್ತಿರುವಂತೆಯೇ ಅದು ನೆಲ ಬಿಟ್ಟಿತು, ಹಿಂಡಿನ ಮುಂದಿನ ಜಾಗ ಅದಕ್ಕಾಗಿ ಖಾಲಿಯಿತ್ತು. ಉತ್ತರದಲ್ಲಿ ಅವು ಕಾಣದಾಗುವವರೆಗೆ ನಿಂತಿದ್ದ ಮೈಲಾರಿ ಏರಿಯ ಬನ್ನಿಮರಕ್ಕೆ ತನ್ನ ಕವಣೆ ಕಟ್ಟಿದ. ಅವನ ಹಿಂದೆ ಊರಿನವರೂ ತಮ್ಮವನ್ನು ತಂದು ಕಟ್ಟಿದರು. ಕೆರೆಗೆ ಆ ಹೆಸರು ಬಂದದ್ದು ಹಾಗೆ.

ಇಂದಿಗೂ ಬಿತ್ತನೆಗೆ ಮುಂಚೆ ಮನೆಗೊಂದು ಹೊಸ ಕವಣೆ ಹೆಣೆದು ಆ ಮರಕ್ಕೆ ಕಟ್ಟುತ್ತಾರೆ. ಅದರಲ್ಲಿ ಕಲ್ಲು ಹೂಡುವಂತಿಲ್ಲ. ಬಂದವರು ಹೋದ ವರ್ಷದವು ಎಲ್ಲಿ ಎಂದು ಕೇಳುತ್ತಾರೆ. ಕೊಂಬೆಯಲ್ಲಿ ಬರೀ ಗಂಟುಗಳಿರುತ್ತವೆ. ನಾರನ್ನೆಲ್ಲ ಊರ ಗುಬ್ಬಿಗಳು ಎಳೆದೆಳೆದು ಗೂಡಿಗೆ ಒಯ್ದಿರುತ್ತವೆ.