ಕೊಕ್ಕರೆ ಎತ್ತಿಟ್ಟುಕೊಂಡ ಕಾಲು

“ಯಾರೋ ಕರೀತಾವ್ರೆ ನೋಡಿ. ಓ ಅಂದು ಬನ್ನಿ.”

ಕೊಕ್ಕರೆಯ ಹೆಂಡತಿ ಆಡಿದ ಕೊನೆಯ ಮಾತು ಅದು.

ಆಗ ಲೋಕ ಹೊಸದು. ಬೆಟ್ಟದ ಕಲ್ಲು ಇನ್ನೂ ಪೂರ್ತಿ ಆರಿರಲಿಲ್ಲ. ಕೊಳದ ನೀರು ಹೊಸ ಮಡಕೆಯ ನೀರಿನ ಹಾಗೆ ಮಣ್ಣು ಮಣ್ಣು ವಾಸನೆ ಬರುತ್ತಿತ್ತು. ಎಲ್ಲರಿಗೂ ಕೂಗೋ ಗಂಟಲು ಸಿಕ್ಕಿ ಹೆಚ್ಚು ದಿನ ಆಗಿರಲಿಲ್ಲ. ಹೊಸ ಗೆಜ್ಜೆ ಕಟ್ಟಿಸಿಕೊಂಡ ಮಗು ಮನೆಯೆಲ್ಲ ಸುತ್ತುವುದಿಲ್ಲವಾ, ಹಾಗೆ. ಬೆಳಗಿನಿಂದ ಸಂಜೆವರೆಗೆ ಎಲ್ಲರೂ ಕೂಗುತ್ತಲೇ ಇದ್ದರು.

ಆ ಕಾಲಕ್ಕೆ ಒಂದು ಪದ್ಧತಿ ಇತ್ತು. ಯಾರಾದರೂ ಕರೆದರೆ ಓ ಅನ್ನಬೇಕು. ಎಲ್ಲಿದ್ದರೂ ಅನ್ನಬೇಕು. ಏನು ಮಾಡುತ್ತಿದ್ದರೂ ಅನ್ನಬೇಕು. ಬರೀ ಓ ಅಂದರೆ ಸಾಲದು, ಹತ್ತಿರ ಹೋಗಿ ಮುಖ ತೋರಿಸಿ ಬರಬೇಕು. ಹೋಗದಿದ್ದರೆ ಕರೆದವರಿಗೆ ಮುನಿಸು. ಅವರ ಕಡೆಯವರಿಗೂ ಮುನಿಸು.

ಕರೆಯೋದಕ್ಕೆ ಕೆಲಸ ಇರಬೇಕು ಅಂತೇನಿರಲಿಲ್ಲ. ಗಾಳಿ ಕರೆದು, ಏನಿಲ್ಲ, ಸುಮ್ಮನೆ ಕರೆದೆ ಅನ್ನುತ್ತಿತ್ತು. ಬಾತು ಕರೆದು, ತಾನು ಬೆಳಗ್ಗೆ ತಿಂದ ಹುಳ ಎಷ್ಟು ದಪ್ಪ ಇತ್ತು ಅಂತ ಹೇಳುತ್ತಿತ್ತು. ಮರಕುಟಿಗ ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತಿತ್ತು.

ಕೊಕ್ಕರೆಗೆ ಉದ್ದ ಕಾಲು. ಬೇಗ ಬರುತ್ತಾನೆ ಅಂತ ಎಲ್ಲರೂ ಅವನನ್ನೇ ಹೆಚ್ಚು ಕರೆಯುತ್ತಿದ್ದರು. ಅವನೂ ಒಳ್ಳೆಯವನು. ಬಲಗಾಲು ಮುಂದಿಟ್ಟು ಹೊರಟುಬಿಡುತ್ತಿದ್ದ. ನಿಮ್ಮ ಬಲಗಾಲಿಗೆ ಮನೆ ಅನ್ನೋದೇ ಇಲ್ಲ ಅಂತ ಹೆಂಡತಿ ನಗುತ್ತಿದ್ದಳು.

ಆ ಸಲ ಅವಳಿಗೆ ಮೈ ಸರಿ ಇರಲಿಲ್ಲ. ಮೂರು ದಿನದಿಂದ ಗೂಡಲ್ಲೇ ಮಲಗಿದ್ದಳು. ಅವನು ಮೀನು ತಂದು ಕೊಕ್ಕಿಗೆ ಹಿಡಿದ. ಬೇಡ ಅಂದಳು. ಮಧ್ಯಾಹ್ನ ಕಪ್ಪೆ ಕರೆಯಿತು. ಅವನು ಏಳಲಿಲ್ಲ. ಮತ್ತೆ ಕರೆಯಿತು. ಆಗ ಅವಳೇ, ಓ ಅಂದು ಬನ್ನಿ ಅಂದಳು. ಅವಳೂ ಪದ್ಧತಿ ಬಿಟ್ಟವಳಲ್ಲ.

ಅವನು ಹೋದ. ನಿಮ್ಮ ಕಡೆನೂ ಬಿಸಿಲು ಜಾಸ್ತಿನಾ ಅಂತ ಕಪ್ಪೆ ಕೇಳಿತು. ಹೌದು ಅಂದ. ತಿರುಗಿ ಬಂದ.

ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಎಲ್ಲರೂ ಬಂದರು. ಎಲ್ಲರೂ ಅತ್ತರು. ಕಪ್ಪೆಯೂ ಅತ್ತಿತು. ಮಾರನೆಯ ದಿನದಿಂದ ಮತ್ತೆ ಕರೆಯತೊಡಗಿದರು. ಪಾಪ, ಒಬ್ಬನೇ ಇರಬಾರದು ಅಂತ ಮೊದಲಿಗಿಂತ ಜಾಸ್ತಿ ಕರೆದರು. ಪ್ರೀತಿಯಿಂದಲೇ ಕರೆದರು. ಅವನು ಓ ಅನ್ನುತ್ತಿದ್ದ. ಹೋಗುತ್ತಿದ್ದ, ಬರುತ್ತಿದ್ದ.

ಒಂದು ದಿನ ಅವನಿಗೆ ಹೆಂಡತಿಯ ದನಿ ನೆನಪಾಗಲಿಲ್ಲ.

ಅವಳ ಮಾತೆಲ್ಲ ನೆನಪಿತ್ತು. ದನಿ ಮಾತ್ರ ಇರಲಿಲ್ಲ. ಕಣ್ಣು ಮುಚ್ಚಿ ಕೂತ. ಎಲ್ಲೋ ದೂರದಲ್ಲಿ ಅವಳು ಬಾಯಿ ತೆರೆದ ಹಾಗಾಯಿತು. ಅಷ್ಟರಲ್ಲಿ ಬಾತು ಕರೆಯಿತು. ಓ ಅಂದ. ಬಂದು ಮತ್ತೆ ಕಣ್ಣು ಮುಚ್ಚಿದ. ಮರಕುಟಿಗ ಕರೆಯಿತು. ಓ ಅಂದ.

ಅವನಿಗೆ ಹೆದರಿಕೆ ಆಯಿತು. ಅವಳು ಒಂದು ಸಲ ಹೋಗಿದ್ದಳು. ಈಗ ಎರಡನೆಯ ಸಲ ಹೋಗುತ್ತಿದ್ದಳು.

ಬೆಟ್ಟದ ಮೇಲೆ ಸದ್ದಿರಲ್ಲ ಅಂತ ಬೆಟ್ಟ ಹತ್ತಿದ. ಅಲ್ಲಿ ಗಾಳಿಯ ಮನೆ. ಬಂದ್ಯಾ, ಕೂತ್ಕೋ ಅಂತ ಹೇಳಿ ಸಂಜೆವರೆಗೆ ಮಾತಾಡಿತು.

ಕಿವಿಗೆ ಕೆಸರು ಮೆತ್ತಿಕೊಂಡ. ಹೊರಗಿನ ಕೂಗು ನಿಂತಿತು. ಆಗ ಒಳಗಡೆ ಶುರುವಾಯಿತು. ಯಾಕೆ ಹೋದೆ, ಅವತ್ತು ಯಾಕೆ ಹೋದೆ ಅಂತ ಅವನೇ ಅವನನ್ನು ಕರೆಯುತ್ತಿದ್ದ. ಅದಕ್ಕೂ ಅವನು ಓ ಅನ್ನುತ್ತಿದ್ದ.

ಕೆಸರು ತೊಳೆಯೋಕೆ ಕೊಳಕ್ಕೆ ಬಂದ. ಕೊಳದ ತುಂಬ ಗಲಾಟೆ. ಎಮ್ಮೆಗಳು ಬಿದ್ದುಕೊಂಡಿದ್ದವು. ಕೋತಿಗಳು ಕೊಂಬೆಯಿಂದ ಧುಮುಕುತ್ತಿದ್ದವು. ಬಾತುಗಳ ಜಗಳ ನಡೆದಿತ್ತು. ಆದರೆ ಕೊಳದ ಮುಖ ತಂಪಾಗಿತ್ತು.

“ಅಜ್ಜಿ, ಇಷ್ಟು ಗದ್ದಲ ಹೆಂಗೆ ತಡ್ಕೊತೀಯ?”

ಕೊಳದ ಮಾತು ನಿಧಾನ. “ಗದ್ದಲ ಮೇಲಿದೆ ಕಣಪ್ಪ. ಬಂದ ಅಲೆ ದಡಕ್ಕೆ ಹೋಗುತ್ತೆ. ನಾನು ಅದರ ಹಿಂದೆ ಹೋಗಲ್ಲ.”

“ಕರೆದ್ರೆ?”

“ಕರೀಲಿ.”

ಕರೀಲಿ ಅನ್ನೋ ಮಾತನ್ನು ಕೊಕ್ಕರೆ ಅದುವರೆಗೆ ಕೇಳಿರಲಿಲ್ಲ.

ಒಳಗೆ ಬಂದು ನಿಂತ್ಕೋ ಅಂತ ಕೊಳ ಹೇಳಿತು. ಬಂದು ನಿಂತ. ಎಮ್ಮೆ ಕರೆಯಿತು. ಬಲಗಾಲು ಹೊರಟೇಬಿಟ್ಟಿತು. ಕೆಸರು ಎದ್ದು ನೀರು ಕೆಂಪಾಯಿತು. ಕೊಳ ಗದರಿತು. ಮತ್ತೆ ನಿಂತ. ಕೋತಿ ಕರೆಯಿತು. ಕಾಲು ಹೊರಟಿತು. ಮತ್ತೆ ಕೆಸರು.

“ಆ ಓಡೋ ಕಾಲನ್ನ ಎತ್ತಿ ಇಟ್ಕೊಳಪ್ಪ,” ಅಂದಿತು ಕೊಳ. “ನಿಂತ್ಕೊಳ್ಳೋಕೆ ಇನ್ನೊಂದು ಸಾಕು.”

ಅವನು ಬಲಗಾಲನ್ನು ಮೆಲ್ಲಗೆ ಎತ್ತಿದ. ಹೊಟ್ಟೆಯ ಪುಕ್ಕದೊಳಗೆ ಇಟ್ಟುಕೊಂಡ, ಚಳಿಗೆ ಮಗುವನ್ನು ಮುಚ್ಚಿಟ್ಟುಕೊಳ್ಳುವ ಹಾಗೆ. ಮೈ ತೂಗಾಡಿತು. ಕೋತಿಗಳು ಬಿದ್ದು ಬಿದ್ದು ನಕ್ಕವು. ನಮ್ಮನ್ನು ಹಿಡಿಯೋಕೆ ನಾಟಕ ಆಡ್ತಾವನೆ ಅಂತ ಮೀನುಗಳು ಮಾತಾಡಿಕೊಂಡವು. ಅದೂ ಪೂರ್ತಿ ಸುಳ್ಳಲ್ಲ. ಹೊಟ್ಟೆ ಅವನಿಗೂ ಇತ್ತು.

ಬಾತು ಕರೆಯಿತು. ಪುಕ್ಕದೊಳಗೆ ಕಾಲು ನಡುಗಿತು. ಅವನು ಇಳಿಸಲಿಲ್ಲ. ಬಾತು ಮತ್ತೆ ಕರೆಯಿತು. ಇಳಿಸಲಿಲ್ಲ. ಮೂರನೆಯ ಸಲ ಕರೆಯೋ ಹೊತ್ತಿಗೆ ಅದಕ್ಕೊಂದು ಹುಳ ಸಿಕ್ಕಿತು. ಯಾಕೆ ಕರೆದೆ ಅನ್ನೋದನ್ನೇ ಮರೆತು ತಿನ್ನುತ್ತಾ ಕೂತಿತು. ಏನೂ ಮುಳುಗಿ ಹೋಗಲಿಲ್ಲ.

ಗದ್ದಲ ನಿಂತಿತು ಅಂತಲ್ಲ. ಎಮ್ಮೆ ಎಮ್ಮೆಯ ಹಾಗೇ ಇತ್ತು, ಕೋತಿ ಕೋತಿಯ ಹಾಗೇ ಇತ್ತು. ಆದರೆ ಅವನ ಕಾಲ ಸುತ್ತ ಕೆಸರು ಮೆಲ್ಲಗೆ ತಳಕ್ಕೆ ಕೂತಿತು. ನೀರಿನೊಳಗೆ ತನ್ನ ಬೆರಳುಗಳು ಅವನಿಗೆ ಕಂಡವು. ಯಾಕೆ ಹೋದೆ ಅನ್ನೋ ಒಳಗಿನ ಕೂಗೂ ಕರೆದು ಕರೆದು, ಓ ಅನ್ನುವವರಿಲ್ಲದೆ ಸುಮ್ಮನಾಯಿತು.

ಆಗ ಅವಳು ಮಾತಾಡಿದಳು.

ದೊಡ್ಡ ಮಾತೇನಲ್ಲ. ಗೂಡು ಕಟ್ಟುವಾಗ ಬಯ್ಯುತ್ತಿದ್ದಳಲ್ಲ, ಅದೇ. ಆ ಕಡ್ಡಿ ಅಲ್ಲಲ್ಲ, ಇಲ್ಲಿ. ಎಷ್ಟು ಸಲ ಹೇಳಬೇಕು ನಿಮಗೆ. ಮಾತಿನ ಕೊನೆಗೆ ಬಂದು ಸ್ವಲ್ಪ ಒಡೆಯುವ ಅದೇ ದನಿ. ಕೊಕ್ಕರೆ ಅಲ್ಲಾಡಲಿಲ್ಲ. ಹೊತ್ತು ಮುಳುಗುವವರೆಗೆ ಬೈಸಿಕೊಂಡ.

ಮಾರನೆಯ ಬೆಳಗ್ಗೆ ಅವನು ಎದ್ದವನೇ ಕೊಳಕ್ಕೆ ಬಂದ. ನೀರಿಗೆ ಇಳಿದು ಬಲಗಾಲು ಎತ್ತಿಟ್ಟುಕೊಂಡ. ಕಪ್ಪೆ ಕರೆಯಿತು. ನಾಲ್ಕು ಸಲ, ಐದು ಸಲ ಕರೆಯಿತು. ಆಮೇಲೆ ಮುನಿಸಿಕೊಂಡು ತಾನೇ ಕುಪ್ಪಳಿಸುತ್ತಾ ಬಂತು. ಓ ಅನ್ನೋಕೆ ಏನಾಗಿದೆ ನಿಂಗೆ, ಕಿವಿ ಕೆಟ್ಟೋಯ್ತಾ ಅಂತ ಕೇಳಿತು.

ಕೊಕ್ಕರೆ ತಲೆ ತಿರುಗಿಸಲಿಲ್ಲ. ಮೆಲ್ಲಗೆ ಹೇಳಿದ.

“ಮನೆಯವಳು ಮಾತಾಡ್ತಾವಳೆ.”

ಕಪ್ಪೆ ಅವನ ಪಕ್ಕದ ಎಲೆಯ ಮೇಲೆ ಸದ್ದಾಗದ ಹಾಗೆ ಕೂತುಕೊಂಡಿತು.

ಅದಕ್ಕೇ ಮಗಾ, ರಸ್ತೆಯಲ್ಲಿ ಲಾರಿ ಎಷ್ಟೇ ಹಾರನ್ ಹೊಡೆಯಲಿ, ಮೈಕು ಎಷ್ಟೇ ಕಿರುಚಲಿ, ಇವತ್ತಿಗೂ ಕೆರೆ ನೀರಿನಲ್ಲಿ ಕೊಕ್ಕರೆ ಒಂದು ಕಾಲು ಎತ್ತಿಟ್ಟುಕೊಂಡು, ನೀನು ಕೂಗಿದರೂ ತಿರುಗಿ ನೋಡದೆ ಹಾಗೇ ನಿಂತಿರುತ್ತಾನೆ.