ಸುಬೇದಾರರ ಟ್ಯಾಂಕಿಗೆ ಬಣ್ಣ ಹಚ್ಚಿದ ಮಾರ್ತಾಂಡಪ್ಪ

ಊರು ಅಂದಮೇಲೆ ಒಬ್ಬ ಜಾಣ ಇರಲೇಬೇಕೆಂದೇನಿಲ್ಲ, ಒಬ್ಬ ಪೆದ್ದ ಮಾತ್ರ ಇದ್ದೇ ಇರುತ್ತಾನೆ. ಕೊಪ್ಪಳದ ಕಡೆ, ಮರದ ಗೊಂಬೆ ಕೆತ್ತಿ ಬಣ್ಣ ಹಚ್ಚುವ ಚಿತ್ರಗಾರರ ಓಣಿಯಲ್ಲಿ ಆ ಪಾಳಿ ಸಂಕವ್ವನ ಮಗ ಮಾರ್ತಾಂಡಪ್ಪನದು. ಇಪ್ಪತ್ತೈದು ತುಂಬಿತ್ತು, ಮೀಸೆ ಬಂದಿತ್ತು, ಬುದ್ಧಿಯೊಂದು ಇನ್ನೂ ದಾರಿಯಲ್ಲಿತ್ತು. ಹೇಳಿದ ಮಾತು ಮಾತ್ರ ಒಂದನ್ನೂ ಬಿಡದೆ ಪಾಲಿಸುತ್ತಿದ್ದ. ಸಂಕಟವೆಲ್ಲ ಅಲ್ಲೇ ಇದ್ದದ್ದು.

ಸಂಕವ್ವನಿಗೆ ಈಚೆಗೆ ಕೈ ನಡುಗುತ್ತಿತ್ತು. ಗಂಡ ಹೋದಮೇಲೆ ಮನೆಯ ಕುಂಚ ಹಿಡಿದವಳು ಅವಳೊಬ್ಬಳೇ. ಮಗನಿಗೆ ಈ ಕೆಲಸ ಕೈಹತ್ತದಿದ್ದರೆ ತಲೆತಲಾಂತರದ ವಿದ್ಯೆ ತನ್ನ ಜೊತೆಗೇ ಮಣ್ಣಾಗುತ್ತದಲ್ಲ ಎಂಬುದೇ ಅವಳ ಚಿಂತೆ.

ಒಂದು ದಿನ ಘೋರ್ಪಡೆ ಸುಬೇದಾರರು ಬಂದರು. ಸೈನ್ಯ ಬಿಟ್ಟು ಬಂದಿದ್ದರೂ ಯುದ್ಧ ಬಿಟ್ಟಿರಲಿಲ್ಲ. ಭಾನುವಾರ ಬಂತೆಂದರೆ ಮೇಜಿನ ಮೇಲೆ ಮರಳು ಹರವಿ, ಗುಡ್ಡ ಕಟ್ಟಿ, ಆಟಿಕೆಯ ಸೈನ್ಯ ನಿಲ್ಲಿಸಿ, ಗೆಳೆಯರೊಂದಿಗೆ ದಾಳ ಹಾಕಿ ಕಾದಾಡುತ್ತಿದ್ದರು. ಚೀಲದಿಂದ ಗೇಣುದ್ದದ ಮೂರು ಪ್ಲಾಸ್ಟಿಕ್ ಟ್ಯಾಂಕು ತೆಗೆದಿಟ್ಟರು.

"ಸಣ್ಣವಕ್ಕ ನಾನ ಬಣ್ಣ ಹಚ್ಚಕೊಂತಿದ್ದೆ ಸಂಕವ್ವ. ಇವು ದೊಡ್ಡವು, ಒಂದೊಂದು ಮೊಳಿನೂ ಎದ್ದು ಕಾಣತೈತಿ. ಇದಕ್ಕ ನಿಮ್ಮ ಓಣಿ ಕೈನ ಬೇಕು."

"ನನ್ನ ಮಗ ಹಚ್ಚತಾನ್ರಿ ಸಾಹೇಬ್ರ," ಎಂದಳು ಸಂಕವ್ವ. ಹೀಗಾದರೂ ಮಗನಿಗೆ ಕೆಲಸ ಕೈಹತ್ತೀತು ಎಂಬುದು ಅವಳ ಆಸೆ.

ಆ ಮನೆಯಲ್ಲೊಂದು ಪದ್ಧತಿ. ಗೊಂಬೆಗೆ ಎಲ್ಲ ಬಣ್ಣವಾದಮೇಲೆ ಕಡೆಗೆ ಕಣ್ಣು ಬರೆಯುವುದು. ಕಣ್ಣಿಲ್ಲದ್ದು ಹೊಸ್ತಿಲು ದಾಟಬಾರದು ಎಂದು ಮಗ ಅಂಬೆಗಾಲಿಡುವಾಗಿನಿಂದ ಅವಳು ಹೇಳಿದ್ದಳು. ಮಾರ್ತಾಂಡಪ್ಪ ಮೊದಲ ಟ್ಯಾಂಕಿಗೆ ಹಸಿರು ಬಳಿದ. ಆಮೇಲೆ ತೋಪಿನ ಎರಡೂ ಬದಿಗೆ ಕಿವಿಯವರೆಗೆ ಚಾಚುವಂಥ ಕಣ್ಣು ಬರೆದ, ಕಾಡಿಗೆ ತೀಡಿದ, ಹುಬ್ಬು ತಿದ್ದಿದ, ಒಯ್ದು ಕೊಟ್ಟ.

ಸುಬೇದಾರರು ಟ್ಯಾಂಕು ಹಿಡಿದು ಬಂದರು. "ಸಂಕವ್ವ, ಇದನ್ನ ಯುದ್ಧಕ್ಕ ಕಳಸಲೋ, ಗಂಡನ ಮನಿಗೆ ಕಳಸಲೋ?"

ಸಂಕವ್ವ ಹಣೆ ಚಚ್ಚಿಕೊಂಡಳು. "ಲೇ ಮಬ್ಬ, ಅದು ಕಾದಾಡೋ ಗಾಡಿ. ಅದಕ್ಕ ಚಂದ ಯಾಕ ಬೇಕು? ಕೆಸರಾಗ ಬಿದ್ದು ಎದ್ದಂಗ ಕಾಣಬೇಕು. ನಾಕು ಕಡೆ ಮಣ್ಣು ಮೆತ್ತಿ ಒಯ್ಯಬೇಕಿತ್ತು."

"ಆತು ಬೇ. ಇನ್ನ ಮ್ಯಾಲ ಮಣ್ಣು ಮೆತ್ತಿ ಒಯ್ಯತೀನಿ."

ಅಷ್ಟರಲ್ಲಿ ಗೌರಿ ಹುಣ್ಣಿಮೆ ಬಂತು. ಬಡಿಗೇರ ಓಣಿಯ ಗಂಗಮ್ಮನ ಮನೆಗೆ ಗೌರಿ ಬೇಕಿತ್ತು. ಸಂಕವ್ವ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಎಂಟು ದಿನ ಕೂತು ಬರೆದು ಮಗನ ತಲೆಯ ಮೇಲೆ ಹೊರಿಸಿದಳು. ಮಾರ್ತಾಂಡಪ್ಪನಿಗೆ ಅವ್ವನ ಮಾತು ನೆನಪಿತ್ತು. ಹೊಂಡದ ದಂಡೆಯಲ್ಲಿ ಗೌರಿಯನ್ನು ಇಳಿಸಿ, ಕರಿ ಕೆಸರು ತೆಗೆದು ನಾಲ್ಕೂ ಕಡೆ ಮೆತ್ತಿದ. ಗಂಗಮ್ಮನ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಹೆಂಗಸರ ಹಾಡು ಅರ್ಧಕ್ಕೇ ನಿಂತಿತು.

ಗಂಗಮ್ಮ ಗೌರಿಯನ್ನು ಹೊತ್ತುಕೊಂಡೇ ಬಂದಳು. "ಯಾಕ ಸಂಕವ್ವ, ನಿಮ್ಮ ಗೌರಿ ಎಮ್ಮಿ ಮೈತೊಳಿಯಾಕ ಹೋಗಿದ್ಲೇನು?"

"ಎಂಥಾ ಮಗನ್ನ ಹಡದೆನೋ!" ಎಂದಳು ಸಂಕವ್ವ. "ಮಂದಿ ಮನಿಗೆ ಒಯ್ಯೋ ಸಾಮಾನು ತಿಕ್ಕಿ ತೊಳದು ಥಳಥಳ ಅನ್ನೂಹಂಗ ಒಯ್ಯಬೇಕೋ."

"ಆತು ಬೇ. ಇನ್ನ ಮ್ಯಾಲ ತಿಕ್ಕಿ ತೊಳದು ಒಯ್ಯತೀನಿ."

ಎರಡನೆಯ ಟ್ಯಾಂಕನ್ನು ಸಂಕವ್ವ ಮಗನ ಕೈಗೆ ಕೊಡಲೇ ಇಲ್ಲ. ಮೂರು ದಿನ ತಾನೇ ಕೂತು ಮರಳಿನ ಬಣ್ಣ, ತುಕ್ಕಿನ ಬಣ್ಣ, ಹೊಗೆ ಹತ್ತಿದ ಕಪ್ಪು ಎಲ್ಲ ತಂದಳು. ಒಯ್ಯುವ ಕೆಲಸವೊಂದೇ ಅವನದು. ಅವನು ದಾರಿಯ ನಲ್ಲಿಯ ಬಳಿ ಕೂತು, ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ತಂಬಿಗೆ ತಿಕ್ಕಿದಂತೆ ತಿಕ್ಕಿದ. ಹಸಿ ಬಣ್ಣವೆಲ್ಲ ಗಟಾರ ಸೇರಿತು.

ಸುಬೇದಾರರು ಬಂದು ಹೇಳಿದರು. "ಹುಟ್ಟಿದಾಗ ಹೆಂಗಿತ್ತೋ ಹಂಗ ಬಂದೈತಿ ಸಂಕವ್ವ. ಇನ್ನೊಂದು ಉಳದೈತಿ. ಅದೂ ಕೆಟ್ಟರ ಬೆಳಗಾವಿಗೆ ಕಳಸತೀನಿ, ಬ್ಯಾಸರ ಮಾಡ್ಕೋಬ್ಯಾಡ."

ಆ ಹೊತ್ತು ಸಂಕವ್ವ ಬೈಯಲಿಲ್ಲ, ಅತ್ತಳು. ಅತ್ತು ಮುಗಿಸಿ ಮಗನನ್ನು ಎದುರಿಗೆ ಕೂರಿಸಿಕೊಂಡಳು. "ಇದೊಂದು ಸಲ ಸರಿಯಾಗಿ ಕೇಳು ಮಗನ. ಯುದ್ಧದ ಗಾಡಿ ನಿಂತ ಜಾಗದಾಗ ಬೆರತು ಹೋಗಬೇಕು. ಎಲ್ಲಿ ನಿಂತೈತಿ ನೋಡು, ಅದನ್ನ ಬರಿ. ಯಾರ ಕಣ್ಣಿಗೂ ಬೀಳಬಾರದು. ಅವರ ಮನ್ಯಾಗ ಕುಂತು ಹಚ್ಚು, ಅಂದ್ರ ಒಯ್ಯೂ ಕೆಲಸನೂ ತಪ್ಪತೈತಿ."

ಶನಿವಾರ ಮುಂಜಾನೆ ಹೋದ. ಮೇಜಿನ ಮೇಲೆ ಇನ್ನೂ ಮರಳು ಬಿದ್ದಿರಲಿಲ್ಲ. ಊಟದ ಪ್ಲಾಸ್ಟಿಕ್ ಹಾಸು ಇತ್ತು. ಅದರ ತುಂಬ ಕೆಂಪು ಬಿಳಿ ಚೌಕಳಿ, ನಡುನಡುವೆ ದ್ರಾಕ್ಷಿ ಗೊಂಚಲು. ಮಾರ್ತಾಂಡಪ್ಪ ಟ್ಯಾಂಕನ್ನು ಅದರ ಮೇಲೆ ನಿಲ್ಲಿಸಿದ, ನೋಡಿದ, ಬರೆಯತೊಡಗಿದ.

ಸಂಜೆಯವರೆಗೂ ತಡೆಯಲಾರದೆ ಸಂಕವ್ವ ಬಂದಳು. ಸುಬೇದಾರರೂ ಒಳಗಿನಿಂದ ಬಂದರು. ಮೇಜು ಖಾಲಿ.

"ಎಲ್ಲೋ ಟ್ಯಾಂಕು?"

"ಇಲ್ಲೇ ಇತ್ರಿ. ಈಗ ನನಗೂ ಕಾಣವಲ್ದು."

ಸಂಕವ್ವ ಹಾಸಿನ ಮೇಲೆ ಕೈಯಾಡಿಸುತ್ತ ಹೋದಳು. ನಡುವೆ ಒಂದು ದ್ರಾಕ್ಷಿ ಗೊಂಚಲು ಬೆರಳಿಗೆ ತಡೆಯಿತು. ಬಗ್ಗಿ ನೋಡಿದಳು. ಹಾಸಿನ ಗೆರೆ ಟ್ಯಾಂಕಿನ ಗಾಲಿ ಹತ್ತಿ, ತೋಪು ದಾಟಿ, ಆಚೆ ಇಳಿದು ಮತ್ತೆ ಹಾಸನ್ನು ಕೂಡಿತ್ತು. ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಅವಳ ಗಂಡನಿಗೂ ಇಂಥ ಗೆರೆ ಬಂದಿರಲಿಲ್ಲ.

"ಬುದ್ಧಿ ಇಲ್ಲ ಖರೆ, ಕೈ ಐತ್ರಿ," ಎಂದಳು. ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ.

ಸುಬೇದಾರರು ಮೀಸೆ ಒದ್ದೆಯಾಗುವ ತನಕ ನಕ್ಕರು. "ಬೆಳಗಾವಿ ಬ್ಯಾಡ ಬಿಡು. ನಾಳಿಂದ ಈ ಮನ್ಯಾಗಿನ ಸೈನ್ಯ ಎಲ್ಲ ನಿಂದ ತಮ್ಮ. ಹಿಂಗ ಹಚ್ಚು, ಒಬ್ಬನ್ನೂ ಬಿಡಬ್ಯಾಡ."

"ಒಬ್ಬರನ್ನೂ ಬಿಡಂಗಿಲ್ರಿ."

ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ ಸಂಕವ್ವ ಮಗನಿಗೆ ಬುತ್ತಿ ಕಟ್ಟಿಕೊಂಡು ಹೋದಳು. ಸುಬೇದಾರರ ಹೆಂಡತಿ ತಾರಾಬಾಯಿ ಚಹಾದ ಕಪ್ಪು ಹಿಡಿದು ಪಡಸಾಲೆಯಲ್ಲಿ ಸುತ್ತುತ್ತಿದ್ದಳು. "ಉಂಡು ಇಲ್ಲೇ ಅಡ್ಡಾಗಿದ್ರು. ಎಲ್ಲಿ ಹೋದ್ರೋ ಏನೋ," ಎನ್ನುತ್ತ ಅಡಿಗೆಮನೆಗೆ ಹೋದಳು.

ಪಡಸಾಲೆಯಲ್ಲಿ ನೀಲಿ ಬಿಳಿ ಪಟ್ಟೆಯ ಆರಾಮಕುರ್ಚಿಯೊಂದೇ ಇತ್ತು. ಕುರ್ಚಿ ಗೊರಕೆ ಹೊಡೆಯುತ್ತಿತ್ತು. ಹಗಲು ಮಲಗಿದರೆ ಸುಬೇದಾರರು ತೋಪು ಹಾರಿಸಿದರೂ ಏಳುವವರಲ್ಲ. ಅವರ ಬನಿಯನ್ನಿನ ಮೇಲೆ, ತೋಳಿನ ಮೇಲೆ, ಬೋಳುತಲೆಯ ಮೇಲೆ ಕುರ್ಚಿಯ ಪಟ್ಟೆ ಹಾಗೇ ಹರಿದಿತ್ತು. ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಮಾರ್ತಾಂಡಪ್ಪ ಉಸಿರು ಬಿಗಿಹಿಡಿದು ಕುಂಚ ಎತ್ತಿದ.

"ಬೊಂಬಿ ಎಲ್ಲ ಮುಗದಾವು ಬೇ," ಎಂದ ಪಿಸುದನಿಯಲ್ಲಿ. "ಸೈನ್ಯದವರು ಅಂತ ಇವರೊಬ್ರ ಉಳದಿದ್ರು."

ಬೈಯಬೇಕೆಂದು ಸಂಕವ್ವ ಬಾಯಿ ತೆರೆದಳು. ತೆರೆದವಳು ಹಾಗೇ ಬಗ್ಗಿ, ಕಣ್ಣು ಕಿರಿದು ಮಾಡಿ ಪಟ್ಟೆಯ ಗುಂಟ ನೋಡಿದಳು.

"ಲೇ," ಎಂದಳು ಮೆಲ್ಲಗೆ, "ಕಿವಿ ಹಿಂದ ಒಂದು ಬಿಟ್ಟೀಯಲ್ಲೋ."